ಬುತ್ತಿ ಹೊತ್ತಿನ ಪಾಠ

ಈ ಕಥೆಯನ್ನು ಹೇಳಿದಷ್ಟೂ ಸಲ ಅದರೊಳಗೆ ನನ್ನ ಧೈರ್ಯ ಒಂದಿಷ್ಟು ಹೆಚ್ಚಾಗುತ್ತ ಬಂದಿದೆ. ಮೊದಮೊದಲು ಹೇಳುವಾಗ ನಾನು ಪ್ರಿನ್ಸಿಪಾಲರ ಕೋಣೆಯ ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಈಗೀಗ ಮೇಜಿನ ಮೇಲೆ ಕೈಯೂರಿ ನಿಂತಿರುತ್ತೇನೆ. ಹೀಗೇ ಬಿಟ್ಟರೆ ಇನ್ನೆರಡು ವರ್ಷದಲ್ಲಿ ಮೇಜು ಗುದ್ದಿಯೂ ಬಿಡಬಹುದು. ಅದಕ್ಕೇ ಬರೆದಿಡುತ್ತಿದ್ದೇನೆ. ಸಾಕ್ಷಿಯನ್ನು ಅನುಮಾನಿಸು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಆ ಸಾಕ್ಷಿ ನಾನೇ ಆಗಿದ್ದರೆ ಅನುಮಾನ ಇಮ್ಮಡಿಯಾಗಬೇಕು ಎಂಬುದನ್ನು ಆಮೇಲೆ ನಾನಾಗಿಯೇ ಕಲಿತೆ.

ಅದು ಸೋಂಕಿನ ವರ್ಷ. ಬಸವಕಲ್ಯಾಣದ ನಮ್ಮ ಪದವಿ ಕಾಲೇಜಿಗೆ ವಿದ್ಯಾರ್ಥಿಗಳು ಬರುವಂತಿರಲಿಲ್ಲ, ಅಧ್ಯಾಪಕರು ಬರದೇ ಇರುವಂತಿರಲಿಲ್ಲ. ಬೆಳಿಗ್ಗೆ ಹೋಗಿ ಸಹಿ ಮಾಡಿ, ಖಾಲಿ ತರಗತಿಗಳ ಮುಂದೆ ಓಡಾಡಿ, ಸಂಜೆ ಮತ್ತೊಂದು ಸಹಿ ಮಾಡಿ ಮನೆಗೆ ಬರುತ್ತಿದ್ದೆವು. ನಾನು ರಾಜ್ಯಶಾಸ್ತ್ರದವನು, ಖಾಯಂ ನೌಕರ. ಮೇಲಿನಿಂದ ಬಂದ ಆದೇಶದಂತೆ ಹತ್ತು ದಿನ ಫೋನಿನ ಮುಂದೆ ಕುಳಿತು ಆನ್‌ಲೈನ್ ಬೋಧನೆಯ ತರಬೇತಿ ಪಡೆದೆ. ಪಡೆದೆ ಎಂದರೆ ಕ್ಯಾಮೆರಾ ಬಂದ್ ಮಾಡಿಟ್ಟು ಪಕ್ಕದಲ್ಲಿ ಬೇರೆ ಪುಸ್ತಕ ಓದಿದೆ. ಕೊನೆಯ ದಿನ ಒಂದು ಅರ್ಜಿ ತುಂಬಿದ್ದಕ್ಕೆ ಪ್ರಮಾಣಪತ್ರ ಬಂತು. ಅದರಲ್ಲಿ ನಾನು ‘ಮಾಸ್ಟರ್ ಟ್ರೇನರ್’ ಆಗಿದ್ದೆ. ಎರಡು ತಾಲ್ಲೂಕಿನ ಅಧ್ಯಾಪಕರಿಗೆ ಇನ್ನು ನಾನು ಕಲಿಸಬೇಕು.

ಆ ತರಬೇತಿ ನಡೆದದ್ದು ಹುಮನಾಬಾದಿನ ಕಾಲೇಜಿನಲ್ಲಿ. ಹೆದ್ದಾರಿಯ ಊರು, ಎಲ್ಲ ಕಡೆಯಿಂದ ಬಸ್ಸು ಸಿಗುತ್ತದೆ ಎಂಬ ಕಾರಣಕ್ಕೆ. ಒಂದು ಬೆಂಚಿಗೆ ಒಬ್ಬರಂತೆ, ಮೂಗು ಬಾಯಿ ಮುಚ್ಚಿಕೊಂಡ ಇಪ್ಪತ್ತು ಜನ. ನಾನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ಬಿಟ್ಟು, ವರ್ಚುವಲ್ ತರಗತಿಯಲ್ಲಿ ಹಾಜರಿ ಹೇಗೆ, ಕೈಯೆತ್ತುವ ಗುಂಡಿ ಎಲ್ಲಿ ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬರು ನಿಜವಾದ ಕೈಯೆತ್ತಿದರು. ನಮ್ಮದೇ ಕಾಲೇಜಿನ ಹಿಂದಿಯ ಅತಿಥಿ ಉಪನ್ಯಾಸಕಿ. ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಬಂದು ಹೋಗುತ್ತಿದ್ದವರು. ಎಷ್ಟೋ ವರ್ಷದಿಂದ ಪಾಠ ಮಾಡುತ್ತಿದ್ದರೂ ಪ್ರತಿ ಸೆಮಿಸ್ಟರಿಗೆ ಹೊಸದಾಗಿ ನೇಮಕವಾಗಬೇಕಾದವರು.

“ಸರ್, ಒಂದ್ ಮಾತು ಕೇಳ್ಲೇನ್ರಿ?”

“ಕೇಳ್ರಿ.”

“ನಮ್ಮ ಬಿ.ಎ. ಹುಡುಗ್ಯಾರ ಮನಿಯಾಗ ಇರೋದು ಕೀಪ್ಯಾಡ್ ಫೋನ್. ಅದೂ ಮುಂಜಾನೆ ಅಪ್ಪನ ಕಿಸೆದಾಗ ಹೊಲಕ್ಕ ಹೋಗ್ತದ. ಈ ನಿಮ್ಮ ಕ್ಲಾಸ್‌ರೂಮ್ ಅದ್ರಾಗ ಹ್ಯಾಂಗ ಕೂಡ್ತದರಿ?”

“ಅದನ್ನ ಕೊನೀಗಿ ನೋಡೋಣ್ರಿ.”

“ಕೊನೀಗಿ ಎಲ್ಲಾರೂ ಬಸ್ಸಿಗಿ ಓಡ್ತಾರ್ರಿ.”

ಜನ ನಕ್ಕರು. ಮುಂದಿನ ಬೆಂಚಿನಲ್ಲಿ ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದ ಹಿರಿಯರು ಕುಳಿತಿದ್ದರು. ನಿವೃತ್ತಿಗೆ ಒಂದೇ ವರ್ಷ ಉಳಿದವರು, ಯಾರಿಗೂ ಹೆದರಬೇಕಾದ್ದಿಲ್ಲದವರು. “ಮಾಸ್ಟರ್ ಟ್ರೇನರ್ ಸಾಹೇಬ್ರ, ಮೇಡಮ್‌ರಿಗಿ ಜವಾಬ್ ಕೊಡ್ರಿ. ಇಲ್ಲಾಂದ್ರ ಕೂಡ್ರಿ,” ಎಂದರು.

ನಾನು ಹತ್ತಿರದ ಬೆಂಚಿನ ಮೇಲೆ ಕುಳಿತೆ. ಇದು ಖಚಿತ, ಯಾಕೆಂದರೆ ಆ ಬೆಂಚಿನ ಮೊಳೆಗೆ ಪ್ಯಾಂಟು ಹರಿಯಿತು. ಹೊಲಿಸಿದ ಗುರುತು ಇನ್ನೂ ಇದೆ.

ಹಿಂದಿ ಮೇಡಮ್ಮರು ಮುಂದೆ ಬಂದು ನಿಂತರು. ಹಿಂದಿನ ಸೆಮಿಸ್ಟರಿನ ಉಳಿದ ಪಾಠಗಳನ್ನು ಆಗಲೇ ಮೂರು ವಾರದಿಂದ ಸಾದಾ ಫೋನಿನಲ್ಲಿ ಮಾಡುತ್ತಿದ್ದರಂತೆ. ಒಬ್ಬೊಬ್ಬರಿಗೆ ಕರೆ ಮಾಡಿ, ಒಂದಕ್ಕೊಂದು ಕೂಡಿಸಿ, ಐದು ಜನರನ್ನು ಒಂದೇ ಸಾಲಿಗೆ ತರುವುದು. ಇಪ್ಪತ್ತು ನಿಮಿಷದ ಪಾಠ. ಮತ್ತೆ ಮುಂದಿನ ಐವರು, ಮತ್ತೆ ಅದೇ ಪಾಠ. “ಹೇಳೋದ್ರಾಗ ಏನಿಲ್ಲ, ಮಾಡೇ ತೋರಸ್ತೀನಿ,” ಎಂದು ನಮ್ಮಲ್ಲಿ ಐವರನ್ನು ಆರಿಸಿ ಕಟ್ಟಡದ ಬೇರೆ ಬೇರೆ ಮೂಲೆಗೆ ಕಳಿಸಿದರು. ನೀವು ವಿದ್ಯಾರ್ಥಿಗಳು, ನಾನು ಪಾಠ ಮಾಡುತ್ತೇನೆ, ಅಷ್ಟೇ ಎಂದರು. ನನ್ನ ಪಾಲಿಗೆ ಮೆಟ್ಟಿಲು ಬಂತು.

ಫೋನು ಬಂತು. “ಎಲ್ಲಾರೂ ಬಂದೀರೇನು?” ಎಂದು ಕೇಳಿದ್ದೇ ತಡ, ಐವರೂ ಶುರುವಾದೆವು. ಮೊದಲು ಪೀಠಿಕೆ ಹಾಕಬೇಕು ಎಂದು ಒಬ್ಬರು. ಪೀಠಿಕೆಗಿಂತ ಮೊದಲು ಪಾಠದ ಉದ್ದೇಶ ಹೇಳಬೇಕು ಎಂದು ಇನ್ನೊಬ್ಬರು. ಹಿಂದಿನ ಪಾಠದ ಪ್ರಶ್ನೆ ಕೇಳಿದ ಮೇಲೆ ಅಲ್ಲವೇ ಉದ್ದೇಶ ಎಂದು, ನಾಚಿಕೆಯಾಗುತ್ತದೆ, ನಾನು. ಕಬ್ಬಿಣದ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಐದು ದನಿ. ಸ್ವಲ್ಪ ಹೊತ್ತು ಕೇಳಿ ಅವರು ಹೇಳಿದರು:

“ಸರ್, ಐದು ಮಂದೀನೂ ಪಾಠ ಮಾಡಾಕತ್ತೀರಿ. ಕೇಳೋರು ಯಾರ್ರಿ?”

ಮತ್ತೆ ಅವರೇ ಮುಂದುವರಿಸಿದರು.

“ನಾ ಹೆಸರು ಹಿಡದು ಹಾಜರಿ ಕರೆಯಂಗಿಲ್ಲ. ಒಬ್ಬೊಬ್ರು ಹೇಳ್ರಿ, ನಿಮ್ಮ ಹಿಂದ ಏನ್ ಸಪ್ಪಳ ಅದ?”

ನಾನು ಪಾರಿವಾಳ ಎಂದೆ. ವಾಣಿಜ್ಯದ ಹಿರಿಯರು, “ಏನಿಲ್ಲವ್ವ, ಲ್ಯಾಬಿನಾಗ ಇದ್ದೀನಿ, ಶಾಂತ ಅದ,” ಎಂದರು.

“ಸರ್, ಲ್ಯಾಬಿನಾಗ ಲಾರಿ ಹಾರ್ನ್ ಹೊಡ್ಯಾಕತ್ತದ.”

“ಹೌದೇನು?”

“ಚಾ ಕುಡ್ಯಾಕ ಹೋಗೀರೇನ್ರಿ?”

“ಅರ್ಧಾ ಕುಡದೀನಿ. ಪಾಠ ಚಾಲೂ ಮಾಡು, ಕೇಳ್ತೀನಿ.”

ಆ ಸಪ್ಪಳದ ಹಾಜರಿ ತಮಾಷೆಗೆ ಮಾಡಿದ್ದಲ್ಲ. ಹಿಂದೆ ಪಂಪ್‌ಸೆಟ್ಟು ಕೇಳಿದರೆ ಹುಡುಗಿ ಬಾವಿಯ ಹತ್ತಿರ ಇದ್ದಾಳೆ, ದನಿ ಎತ್ತರಿಸಬೇಕು. ಹಿಟ್ಟಿನ ಗಿರಣಿ ಕೇಳಿದರೆ ಪಾಳಿಗೆ ನಿಂತಿದ್ದಾಳೆ, ಹತ್ತು ನಿಮಿಷದಲ್ಲಿ ಹೋಗಿಬಿಡುತ್ತಾಳೆ, ಮುಖ್ಯವಾದದ್ದನ್ನು ಮೊದಲು ಹೇಳಬೇಕು. ಏನೂ ಕೇಳಿಸದಿದ್ದರೆ ಮನೆಯಲ್ಲಿ ಯಾರೋ ಎದುರಿಗೆ ಕುಳಿತಿದ್ದಾರೆ, ಅವಳನ್ನು ಪ್ರಶ್ನೆ ಕೇಳಿ ಪೇಚಿಗೆ ಸಿಕ್ಕಿಸಬಾರದು. ಇಷ್ಟನ್ನು ಅವರು ತಾವೇ ಎಡವಿ ಎಡವಿ ಕಂಡುಕೊಂಡಿದ್ದರು. ನನ್ನ ಹತ್ತು ದಿನದ ತರಬೇತಿಯಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

ಅಂದಿನಿಂದ ನಮ್ಮ ಕಾಲೇಜಿನ ಏಳೆಂಟು ಜನ ಅವರ ಹತ್ತಿರ ಕಲಿಯತೊಡಗಿದೆವು. ಅವರ ನಿಯಮ ಒಂದೇ. ಪ್ರತಿ ಕರೆಯಲ್ಲಿ ನಾಲ್ಕು ವಿದ್ಯಾರ್ಥಿಗಳು, ಐದನೆಯವರು ಒಬ್ಬ ಅಧ್ಯಾಪಕರು. ಆ ಐದನೆಯವರು ಬಾಯಿ ಬಿಡುವಂತಿಲ್ಲ, ಕೇಳಬೇಕು, ಆಮೇಲೆ ಪಾಠದಲ್ಲಾದ ತಪ್ಪು ತೋರಿಸಬೇಕು. ಅದಕ್ಕೆ ಕೇಳುವ ಪಾಳಿ ಎನ್ನುತ್ತಿದ್ದೆವು. ಅವರ ಪಾಠಕ್ಕೆ ನಾವು, ನಮ್ಮ ಪಾಠಕ್ಕೆ ಅವರು.

ವೇಳಾಪಟ್ಟಿಯನ್ನು ಫೋನು ನಿರ್ಧರಿಸುತ್ತಿತ್ತು. ಫೋನು ಹೊಲಕ್ಕೆ ಹೋಗುತ್ತದೆ, ಆ ದಿನಗಳಲ್ಲಿ ಹುಡುಗಿಯರೂ ಕಳೆ ತೆಗೆಯಲು ಹೊಲಕ್ಕೇ ಹೋಗುತ್ತಿದ್ದರು. ಹಾಗಿದ್ದರೆ ಪಾಠವೂ ಅಲ್ಲಿಗೇ ಹೋಗಬೇಕು. ಆಳುಗಳು ಮರದಡಿ ಬುತ್ತಿ ಬಿಚ್ಚುವ ಹೊತ್ತಿಗೆ ಅಪ್ಪನ ಕೈಯಿಂದ ಫೋನು ಮಗಳ ಕೈಗೆ ಬರುತ್ತಿತ್ತು. ಅದೇ ನಮ್ಮ ಪಿರಿಯಡ್ಡು. ಹುಡಗಿ ಎಂಬ ಊರಿನಲ್ಲಿ ಒಂದು ಹೊತ್ತಿಗೆ, ರಾಜೇಶ್ವರದಲ್ಲಿ ಇನ್ನೊಂದು ಹೊತ್ತಿಗೆ, ಯಾಕೆಂದರೆ ಎಲ್ಲ ಹೊಲದ ಆಳುಗಳಿಗೂ ಒಂದೇ ಗಳಿಗೆಗೆ ಹಸಿವಾಗುವುದಿಲ್ಲ.

ನನ್ನ ಮೊದಲ ಪಾಠ ಸಮಾನತೆಯ ಹಕ್ಕು. ರಾಜೇಶ್ವರದ ಹುಡುಗಿಯೊಬ್ಬಳು ಸ್ಪೀಕರ್ ಹಚ್ಚಿದ್ದಳು. ನಾನು ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬಲ್ಲಿಗೆ ಬಂದಾಗ ಒಬ್ಬ ಹೆಂಗಸಿನ ದನಿ ಕೇಳಿತು. ರೊಟ್ಟಿ ಅಗಿಯುತ್ತಲೇ ಮಾತಾಡುತ್ತಿದ್ದರು.

“ಮಾಸ್ತರಾ, ಹೆಣ್ಣಾಳಿಗಿ ಗಂಡಾಳಿಗಿ ಒಂದೇ ಕೂಲಿ ಅಂತೇನು ಹಂಗಾದ್ರ?”

“ಕಾನೂನು ಹಂಗೇ ಹೇಳ್ತದವ್ವ.”

“ನಮ್ಮ ಗೌಡ ಕೇಳಿಲ್ಲೇನೋ ಈ ಪಾಠ. ಅವನಿಗೂ ಒಂದ್ ಫೋನ್ ಹಚ್ಚಿ ಕೊಡು.”

ಅಲ್ಲಿ ನಗೆಯೋ ನಗೆ. ನಾನು ಗಂಟಲು ಸರಿಮಾಡಿಕೊಂಡು ಮುಂದುವರಿದೆ. ಆ ಹೊತ್ತು ಕೇಳುವ ಪಾಳಿ ಹಿಂದಿ ಮೇಡಮ್ಮರದೇ. ಪಾಠ ಮುಗಿದ ಮೇಲೆ ಫೋನು ಮಾಡಿದರು.

“ಆ ಅವ್ವನ ಪ್ರಶ್ನಾ ನಿಮ್ಮ ಪಾಠಕ್ಕಿಂತ ಚಲೋ ಇತ್ತು ಸರ್. ಅಲ್ಲೇ ನಿಂದರಬೇಕಿತ್ತು. ಮತ್ತ, ನೀವು ಹನ್ನೊಂದು ಸಲ ‘ಇಲ್ಲಿ ನೋಡ್ರಿ’ ಅಂದ್ರಿ. ಎಲ್ಲಿ ನೋಡ್ಬೇಕ್ರಿ ಅವು? ತೊಗರಿ ಗಿಡ ನೋಡಿರ್ತಾವ.”

ನಾನು ಖಾಲಿ ತರಗತಿಯಲ್ಲಿ ಕುಳಿತು ಗಾಳಿಯಲ್ಲಿ ಬೆರಳು ತೋರಿಸುತ್ತಿದ್ದೆ ಎಂಬುದು ಆಗ ಗೊತ್ತಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಪಾಠ ಹೇಗಿದೆ ಎಂದು ಒಬ್ಬರೂ ಮುಖಕ್ಕೆ ಹೇಳಿರಲಿಲ್ಲ.

ಹೊಸ ಸೆಮಿಸ್ಟರು ಮುಗಿಯುವ ಹೊತ್ತಿಗೆ ಮೇಲಿನಿಂದ ಒಂದು ಫಾರ್ಮು ಬಂತು. ಯಾವ ದಿನ, ಯಾವ ಪಾಠ, ಯಾವ ವೇದಿಕೆ, ಅದರ ಲಿಂಕು, ಪರದೆಯ ಫೋಟೋ. ಲಿಂಕು ಇಲ್ಲದ ಪಾಠ ಲೆಕ್ಕಕ್ಕಿಲ್ಲ. ನಮ್ಮಂಥ ಖಾಯಂ ನೌಕರರಿಗೆ ಅದರಿಂದ ಏನೂ ಆಗುವಂತಿರಲಿಲ್ಲ. ನಾವು ಫೋನಿನ ಪಾಠದ ಜೊತೆಗೆ, ತೋರಿಕೆಗೆ ಬೇಕಲ್ಲ ಎಂದು, ಸ್ಮಾರ್ಟ್‌ಫೋನ್ ಇದ್ದ ಮೂರು ನಾಲ್ಕು ಹುಡುಗರನ್ನು ಕೂಡಿಸಿ ಲಿಂಕಿನ ತರಗತಿಗಳನ್ನೂ ಮಾಡಿದ್ದೆವು, ಅವನ್ನೇ ತುಂಬಿ ಕೊಟ್ಟಿದ್ದೆವು. ಹಿಂದಿ ಮೇಡಮ್ಮರು ಹಾಗೆ ಮಾಡಿರಲಿಲ್ಲ. ಅವರ ಹಾಳೆಯ ತುಂಬ ಒಂದೇ ಮಾತು: ಫೋನು. ಅದೂ ಒಂದೇ ಪಾಠವನ್ನು ಎಂಟು ಸಲ ಹೇಳಿದರೂ ಒಂದೇ ಎಂದು ಬರೆದಿದ್ದರು. ಪ್ರಿನ್ಸಿಪಾಲರು ಕೆಂಪು ಪೆನ್ನಿನಿಂದ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದರು. ಪಾಠಗಳು ಸಾಲದಿದ್ದರೆ ಮುಂದಿನ ಸೆಮಿಸ್ಟರಿಗೆ ಅತಿಥಿ ಉಪನ್ಯಾಸಕರ ಹೆಸರು ಹೋಗುವುದಿಲ್ಲ. ಹೆಸರು ಹೋಗದಿದ್ದರೆ ಅವರು ಮನೆಯಲ್ಲಿ.

ಇಲ್ಲಿಂದ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಸುದ್ದಿ ಕೇಳಿದೊಡನೆ ನಾನು ಸಿಟ್ಟಿನಿಂದ ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋದೆ ಎಂಬುದು ನನ್ನ ನೆನಪು. ಕಳೆದ ವರ್ಷ ಸ್ಟಾಫ್ ರೂಮಿನಲ್ಲಿ ಹೊಸಬರ ಮುಂದೆ ಇದನ್ನು ಹೇಳುತ್ತಿದ್ದಾಗ ಮೇಡಮ್ಮರು ಉತ್ತರಪತ್ರಿಕೆ ನೋಡುತ್ತಿದ್ದವರು ತಲೆಯೆತ್ತಿದರು.

“ಸರ್, ಮೊದಲ ನೀವು ವರಾಂಡಾದಾಗ ನನಗೇನಂದ್ರಿ, ಅದೂ ಹೇಳ್ರಿ.”

“ಏನಂದೆ?”

“‘ಐದು ಸ್ಮಾರ್ಟ್‌ಫೋನಿನ ಹುಡುಗರನ್ನ ಕೂಡಸ್ರಿ, ಒಂದ್ ಫೋಟೋ ಹೊಡೀರಿ, ಅದನ್ನೇ ಎಲ್ಲಾ ಸಾಲಿಗೂ ಹಚ್ರಿ, ಯಾರು ನೋಡ್ತಾರ’ ಅಂದ್ರಿ.”

ನನಗೆ ಇದು ಒಂದಿಷ್ಟೂ ನೆನಪಿಲ್ಲ. ಆದರೆ ಆ ಮಾತಿನ ಧಾಟಿ ನನ್ನದೇ. ಯಾರು ನೋಡ್ತಾರ ಎಂಬುದು ನಾನು ದಿನಕ್ಕೆ ಹತ್ತು ಸಲ ಅನ್ನುವ ಮಾತು. ಏನನ್ನೂ ನಂಬದವನಿಗೆ ಸುಳ್ಳು ಫೋಟೋ ಅಂಟಿಸುವುದು ಸಹಾಯದಂತೆಯೇ ಕಂಡಿರಬೇಕು. ಹಾಗಾಗಿ ಅವರ ನೆನಪನ್ನೇ ಇಲ್ಲಿ ಬರೆಯುತ್ತೇನೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನೂ ಅವರೇ ಹೇಳಿದರು:

“ಮಾಡಿದ ಪಾಠಕ್ಕ ಮಾಡಲಾರದ ಪಾಠದ ಫೋಟೋ ಹಚ್ಲೇನ್ರಿ?”

ಆ ಮಾತು ಕೇಳಿಸಿಕೊಂಡ ವಾಣಿಜ್ಯದ ಹಿರಿಯರು ನೇರ ಗುಮಾಸ್ತರ ಮೇಜಿಗೆ ಹೋಗಿ ತಮ್ಮ ಫಾರ್ಮನ್ನು ವಾಪಸು ಇಸಿದುಕೊಂಡರಂತೆ. ಲಿಂಕುಗಳನ್ನೆಲ್ಲ ಹೊಡೆದುಹಾಕಿ ತಾವು ನಿಜವಾಗಿ ಪಾಠ ಮಾಡಿದ ದಿನಗಳ ಮುಂದೆ ‘ಫೋನು’ ಎಂದು ಬರೆದರಂತೆ. ನಾನು ಎರಡನೆಯವನೋ ನಾಲ್ಕನೆಯವನೋ. ಹಳೆಯ ಕಡತ ತೆಗೆಸಿ ನೋಡಿದೆ. ಎಲ್ಲ ಫಾರ್ಮುಗಳ ಮೇಲೂ ಒಂದೇ ದಿನದ ಸಹಿ ಇದೆ. ಹಿರಿಯರದು ಎಲ್ಲಕ್ಕಿಂತ ಮೇಲಿದೆ, ಆದರೆ ಪಿನ್ನು ಹಾಕಿದವರು ಮೊದಲು ಬಂದದ್ದನ್ನು ಮೇಲಿಟ್ಟರೋ ಕೊನೆಗೆ ಬಂದದ್ದನ್ನೋ, ಯಾರಿಗೆ ಗೊತ್ತು. ಇಬ್ಬರು ಸಹೋದ್ಯೋಗಿಗಳು ಫಾರ್ಮು ಬದಲಿಸಲಿಲ್ಲ. ಒಬ್ಬರ ಬಡ್ತಿಯ ಕಡತ ಆಗಷ್ಟೇ ಮೇಲೆ ಹೋಗಿತ್ತು. ಅವರನ್ನು ಹೇಡಿ ಎನ್ನುವ ಹಕ್ಕು ವರಾಂಡಾದಲ್ಲಿ ಆ ಸಲಹೆ ಕೊಟ್ಟವನಿಗಿಲ್ಲ.

ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಕಾಗದಕ್ಕೆ ಹೆದರುವ ಮನುಷ್ಯ.

“ಇದೇನ್ರಿ ಇದು? ಇಡೀ ಕಾಲೇಜಿನಾಗ ಪಾಠೇ ಆಗಿಲ್ಲಂತ ಬರಕೊಟ್ಟೀರಲ್ಲ?”

“ಆಗ್ಯಾವ್ರಿ,” ಎಂದರು ಹಿರಿಯರು. “ಫೋನಿನಾಗ ಆಗ್ಯಾವ.”

“ಲಿಂಕ್ ಎಲ್ಲದ?”

“ಇಲ್ರಿ. ಮೇಡಮ್‌ರದೂ ಇಲ್ಲ, ನಮ್ದೂ ಇಲ್ಲ. ಅವರ್ದು ಹೊಡದೀರಿ, ನಮ್ದೂ ಹೊಡೀರಿ. ಪೆನ್ನಿನಾಗ ಇಂಕ್ ಅದಲ್ಲ?”

“ಸಾಹೇಬ್ರ, ನೀವು ರಿಟೈರ್ ಆಗಿ ಹೋಗ್ತೀರಿ. ನಾಳೆ ಯಾರರೇ ಕೇಳಿದ್ರ, ಈ ಪಾಠ ಆಗ್ಯಾವಂತ ಸಾಕ್ಷಿ ಏನು?”

ನನ್ನ ಎಲ್ಲ ಆವೃತ್ತಿಗಳಲ್ಲೂ ಇಲ್ಲಿ ಮಾತಾಡುವವನು ನಾನು. ಬಹುಶಃ ನಾನೇ ಇರಬೇಕು, ಯಾಕೆಂದರೆ ಮೇಡಮ್ಮರೂ ಇದನ್ನು ತಿದ್ದಲಿಲ್ಲ. ಅವರ ಪ್ರತಿ ಪಾಠದಲ್ಲೂ ನಮ್ಮಲ್ಲೊಬ್ಬರು ಐದನೆಯವರಾಗಿ ಕುಳಿತಿದ್ದೇವೆ, ಯಾರು ಯಾವುದನ್ನು ಕೇಳಿದ್ದಾರೋ ಅವರು ಅದರ ಮುಂದೆ ಸಹಿ ಮಾಡುತ್ತಾರೆ, ಯಾರೇ ಕೇಳಿದರೂ ಉತ್ತರ ಕೊಡುವವರು ನಾವು ಎಂದೆ. ಕಲಿಯಲು ಮಾಡಿಕೊಂಡ ಪಾಳಿ ಸಾಕ್ಷಿಗೂ ಆಗುತ್ತದೆಂದು ಅಲ್ಲಿಯವರೆಗೆ ನಮಗೂ ಹೊಳೆದಿರಲಿಲ್ಲ. ಪ್ರಿನ್ಸಿಪಾಲರು ಕೆಂಪು ಪೆನ್ನಿಗೆ ಟೋಪಿ ಹಾಕಿದರು.

“ಆಯ್ತು. ಆದ್ರ ಒಂದ್ ಸಾಲೂ ಖಾಲಿ ಇರಬಾರದು. ಒಂದ್ ಸಾಲು ಕಮ್ಮಿ ಆದ್ರೂ ಅವರ ಹೆಸರು ಹೋಗಂಗಿಲ್ಲ, ಲೆಕ್ಕ ಅಷ್ಟು ಕಟ್ಟಾಕಟ್ಟಿ ಅದ.”

ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಮೇಡಮ್ಮರ ಹಾಳೆಯ ಹೊಸ ಪ್ರತಿ ಹಾಸಿ ಕುಳಿತೆವು. ಜನಕ್ಕೆ ದಿನಾಂಕ ನೆನಪಿರಲಿಲ್ಲ, ಸಪ್ಪಳ ನೆನಪಿತ್ತು. ಗಿರಣಿಯ ಪಾಠ ನಂದು ಎಂದು ಒಬ್ಬರು ಸಹಿ ಹಾಕಿದರು. “ಒಬ್ಬಾಕಿ ಕುರಿ ಹೊಡ್ಕೋತ ದೋಹಾ ಹೇಳಿದ್ಲಲ್ಲ, ಅವತ್ತು ನಾ ಇದ್ನೆವ್ವ,” ಎಂದು ಹಿರಿಯರು ಹಾಕಿದರು. ಮಳೆಗೆ ಕರೆ ಕಡಿದು ಮತ್ತೆ ಮತ್ತೆ ಕೂಡಿಸಿದ ಪಾಠಕ್ಕೆ ನಾನು ಹಾಕಿದೆ. ಹೀಗೆ ಸಾಲು ತುಂಬುತ್ತ ಬಂದು ಒಂದರ ಹತ್ತಿರ ನಿಂತಿತು. ಪಾಠದ ಹೆಸರಿತ್ತು, ದಿನಾಂಕವಿತ್ತು, ಅದು ಒಂದೇ ಸಲ ಹೇಳಿದ ಪಾಠ, ಅಂದು ಹಾಜರಿದ್ದವರು ಗೋರ್ಟಾದ ಕಡೆಯ ನಾಲ್ಕು ಹುಡುಗಿಯರು.

“ಅವತ್ತು ನಿಮ್ಮ ಪಾಳಿ ಇತ್ರಿ ಸರ್,” ಎಂದರು ಮೇಡಮ್ಮರು.

ನಾನು ಎಷ್ಟೋ ಹೊತ್ತು ಆ ಸಾಲನ್ನು ನೋಡಿದೆ. ಏನೂ ನೆನಪಿಗೆ ಬರಲಿಲ್ಲ. ಸಪ್ಪಳವಿಲ್ಲ, ದನಿಯಿಲ್ಲ.

“ನನಗ ನೆನಪಿಲ್ಲ.”

“ನೀವು ಇದ್ರಿ.”

“ಇದ್ದಿರಬಹುದು. ನೆನಪಿಲ್ಲಾರದ್ದಕ್ಕ ಸಹಿ ಹ್ಯಾಂಗ ಹಾಕ್ಲಿ?”

“ಹಾಕ್ರೆಪಾ,” ಎಂದರು ಹಿರಿಯರು. “ಒಂದ್ ಸಹಿ ಸಲುವಾಗಿ ಹೆಣ್ಮಗಳ ನೌಕರಿ ಕಳೀತೀರೇನು?”

ನಾನು ಪೆನ್ನು ಎತ್ತಿದೆ, ಇಟ್ಟೆ. ಬೆಳಿಗ್ಗೆ ಸುಳ್ಳು ಫೋಟೋ ಅಂಟಿಸಿ ಎಂದವನು ಮಧ್ಯಾಹ್ನ ಒಂದು ಸಹಿಗೆ ಹಿಂಜರಿದದ್ದು ಯಾರಿಗಾದರೂ ಸೋಗು ಅನ್ನಿಸಿದರೆ ತಪ್ಪಲ್ಲ. ಆದರೆ ಈ ನಡುವೆ ಏನೋ ಬದಲಾಗಿತ್ತು. ಆ ಹಾಳೆಯಲ್ಲಿದ್ದ ಉಳಿದ ಸಹಿಗಳೆಲ್ಲ ನಿಜವಾಗಿದ್ದವು. ಒಂದು ಸುಳ್ಳು ಸೇರಿದರೆ ಅವೂ ಲಿಂಕಿನ ಜಾತಿಗೇ ಸೇರುತ್ತಿದ್ದವು.

ಮೇಡಮ್ಮರು ಸಿಟ್ಟಾದರು. ಆದರೆ ಸಹಿ ಹಾಕಿ ಎಂದು ಇನ್ನೊಮ್ಮೆ ಕೇಳಲಿಲ್ಲ. “ಇರ್ಲಿ ಬಿಡ್ರಿ. ನಾಲ್ಕು ಹುಡುಗ್ಯಾರು ಕೇಳ್ಯಾರಲ್ಲ, ಅವರು ಮಂದಿ ಅಲ್ಲೇನು?” ಎಂದು ಫೋನು ಎತ್ತಿದರು.

ಮರುದಿನ ಗೋರ್ಟಾದಿಂದ ಒಬ್ಬ ಹುಡುಗಿ ತನ್ನ ತಾಯಿಯ ಜೊತೆ ಟಂಟಂ ಆಟೋದಲ್ಲಿ ಬಂದಳು. ಅವಳ ನೋಟ್ಬುಕ್ಕಿನಲ್ಲಿ ಆ ದಿನಾಂಕ, ಆ ಪಾಠ, ಎರಡು ಪುಟದ ಬರಹ ಇತ್ತು. ನನ್ನನ್ನು ನೋಡಿ, “ಅವತ್ತು ಪಾಠದ ತುಂಬಾ ಒಬ್ರು ಕೆಮ್ಮಾಕತ್ತಿದ್ರು. ಈ ಸರ್ರೇ ಇರಬೇಕಂತ ಅನ್ಕೊಂಡ್ವಿ,” ಎಂದಳು. ಹಿರಿಯರು ನನ್ನ ಕಡೆ ನೋಡಿ ಕೆಮ್ಮಿ ತೋರಿಸಿದರು. ನನಗೆ ಕೆಮ್ಮೂ ನೆನಪಿಲ್ಲ.

ಹುಡುಗಿ ಆ ಸಾಲಿನ ಮುಂದೆ ನಿಧಾನವಾಗಿ, ಒಂದೊಂದಕ್ಷರವನ್ನೂ ಬಿಡಿಸಿ ತನ್ನ ಸಹಿ ಮಾಡಿದಳು. ಹಾಳೆ ತೆಗೆದುಕೊಂಡು ಎಲ್ಲರೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ ಎಂದಿಟ್ಟುಕೊಳ್ಳಿ. ಪ್ರಿನ್ಸಿಪಾಲರು ಬೆರಳಿಟ್ಟು ಸಾಲು ಸಾಲು ನೋಡುತ್ತ ಬಂದು ಆ ಸಹಿಯ ಹತ್ತಿರ ನಿಂತರು.

“ಸ್ಟೂಡೆಂಟ್ ಸಹಿ ನಡ್ಯಂಗಿಲ್ಲ.”

ನಾವ್ಯಾರೂ ಬಾಯಿ ತೆರೆಯುವ ಮೊದಲೇ ಹುಡುಗಿ ಕೇಳಿದಳು: “ಯಾಕ್ರಿ ಸರ್? ಪರೀಕ್ಷಾದಾಗ ನಡೀತದಲ್ರಿ?”

ಪ್ರಿನ್ಸಿಪಾಲರು ಅವಳನ್ನು ನೋಡಿದರು, ಅವಳ ತಾಯಿಯನ್ನು ನೋಡಿದರು, ಮೊಹರು ತೆಗೆದು ಹಾಳೆಯ ಕೆಳಗೆ ಒತ್ತಿದರು. ಫಾರ್ಮುಗಳು ಮೇಲೆ ಹೋದವು. ಮೇಲಿನಿಂದ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಯಾರನ್ನು ನೆನೆದು ಇಷ್ಟೆಲ್ಲ ಹೆದರಿದ್ದೆವೋ ಅವರು ಅದನ್ನು ಬಿಚ್ಚಿ ನೋಡಿದರೋ ಇಲ್ಲವೋ ಅದೂ ಗೊತ್ತಿಲ್ಲ. ಮುಂದಿನ ಸೆಮಿಸ್ಟರಿನ ಪಟ್ಟಿಯಲ್ಲಿ ಮೇಡಮ್ಮರ ಹೆಸರು ಇತ್ತು. ಅವರು ಇನ್ನೂ ನಮ್ಮಲ್ಲೇ ಪಾಠ ಮಾಡುತ್ತಾರೆ, ಇನ್ನೂ ಸೆಮಿಸ್ಟರಿನಿಂದ ಸೆಮಿಸ್ಟರಿಗೆ.

ಆ ಒಂದು ಸಾಲಿನಲ್ಲಿ ನನ್ನ ಸಹಿ ಇಲ್ಲ. ಇವತ್ತು ತಂದು ಮುಂದಿಟ್ಟರೂ ಹಾಕುವುದಿಲ್ಲ. ಆ ಪಾಠ ನಡೆದಿದೆ ಎಂದು ಹೇಳಬೇಕಾದವಳು ಹೇಳಿಯಾಗಿದೆ.